ಟೆಕ್ಸಸ್ ಜಿಂಕೆಗೆ ಹಾವೇರಿಯ ಹತ್ತಿಕಾಳಿನ ಲೆಕ್ಕ: ನನ್ನ ಅನುಭವ

ಹೋದ ನವೆಂಬರಿನಲ್ಲಿ ನಮ್ಮ ಬೇಟೆಯ ಜಾಗದಲ್ಲಿ ಹತ್ತು ಕವಲಿನ ಕೊಂಬಿನ ಒಂದು ಗಂಡು ಜಿಂಕೆ ಬಿತ್ತು. ಕೊಂಬಿನ ಅಳತೆಯ ಸ್ಕೋರ್ 130ರ ಹತ್ತಿರ. ಸೌತ್ ಟೆಕ್ಸಸ್‌ನಲ್ಲಿ ಜಾಗ ಇರುವವರಿಗೆ ಇದು ದೊಡ್ಡ ಸುದ್ದಿಯಲ್ಲ. ಆದರೆ ಮಧ್ಯ ಟೆಕ್ಸಸ್ಸಿನ ಲ್ಯಾನೋ ಕೌಂಟಿಯ ಗ್ರಾನೈಟ್ ಮಣ್ಣಿನಲ್ಲಿ, ಜಿಂಕೆ ಹಾರಿ ಹೋಗಬಹುದಾದ ತಗ್ಗು ಬೇಲಿಯ 120 ಎಕರೆಯಲ್ಲಿ ಇದು ದೊಡ್ಡದೇ. ಪಕ್ಕದ ಜಮೀನಿನ ಯಜಮಾನರು ಬಂದು ಕೊಂಬು ಹಿಡಿದು ನೋಡಿದರು. "ಜಿಂಕೆ ಮೇವಿಗೆ ಹತ್ತಿಕಾಳು ನಿನ್ನ ಜಾಗದಲ್ಲಿ ನಡೆಯಲ್ಲ, ದುಡ್ಡು ಹಾಳು" ಎಂದು ಮೂರು ವರ್ಷದ ಹಿಂದೆ ಹೇಳಿದ್ದವರು ಇವರೇ. ಆಸ್ಟಿನ್ನಿನ ನಮ್ಮ ಕನ್ನಡದ ಗೆಳೆಯರೂ ಅದನ್ನೇ ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಜಾಗ ತೆಗೆದುಕೊಂಡಿದ್ದು 2017ರಲ್ಲಿ. ಮೊದಲ ಎರಡು ವರ್ಷ ಎಲ್ಲರಂತೆ ಸ್ಪಿನ್ ಫೀಡರಿನಲ್ಲಿ (ಮೋಟಾರು ತಿರುಗಿ ಕಾಳು ಎರಚುವ ಡಬ್ಬಿ) ಗೋವಿನಜೋಳ ಹಾಕಿದೆ. ಜಿಂಕೆ ಬಂದವು, ಅಷ್ಟೇ. ಜೋಳದಲ್ಲಿ ಪ್ರೋಟೀನ್ ಶೇಕಡಾ 8-9. ಅದರಿಂದ ಚಳಿಗಾಲ ಕಳೆಯಬಹುದು, ಕೊಂಬು ಬೆಳೆಯಲ್ಲ. ಮೇಲಾಗಿ ಒಂದು ಸಲ ಚೀಲ ಒದ್ದೆಯಾಗಿ ಬೂಷ್ಟು ಹಿಡಿಯಿತು. ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಭಯಕ್ಕೆ ಹತ್ತು ಚೀಲ ಗುಂಡಿಗೆ ಹಾಕಿದೆ. ಅದನ್ನು ತಿಂದರೆ ಜಿಂಕೆಗಿಂತ ಮೊದಲು ಕ್ವೇಲ್, ಟರ್ಕಿ ಹಕ್ಕಿಗಳು ಸಾಯುತ್ತವೆ. ಅವೂ ನಮ್ಮ ಜಾಗದವೇ ಅಲ್ವಾ?

ಆಮೇಲೆ ಮೂರು ವರ್ಷ ಶೇಕಡಾ 20 ಪ್ರೋಟೀನಿನ ಪೆಲೆಟ್, ಅಂದರೆ ಗುಳಿಗೆ ಮೇವು. ಇಲ್ಲಿ ನನ್ನ ಕೈ ನಿಜವಾಗಿ ಸುಟ್ಟಿತು. 50 ಪೌಂಡಿನ ಚೀಲಕ್ಕೆ 16-17 ಡಾಲರ್, ವಾರಕ್ಕೆ ನಾಲ್ಕು ಚೀಲ. ಮಾರ್ಚಿನಿಂದ ಸೆಪ್ಟೆಂಬರ್ ತನಕ ಎರಡು ಸಾವಿರ ಡಾಲರ್ ಹತ್ತಿರ. ಬೇಟೆಗೆ ಬರುವ ನಾಲ್ವರಿಂದ ನನಗೆ ಸಿಗುವುದೇ ಹೆಚ್ಚುಕಡಿಮೆ ಅಷ್ಟು. ಅಂದರೆ ಬೇಟೆಯ ಬಾಡಿಗೆಯ (ಲೀಸ್) ದುಡ್ಡೆಲ್ಲ ಮೇವಿಗೇ ಹೋಯಿತು. ತಿಂದಿದ್ದು ಯಾರು? ಕ್ಯಾಮೆರಾದಲ್ಲಿ ಒಂದೇ ರಾತ್ರಿ 14 ರಕೂನ್ (ಬೆಕ್ಕಿಗಿಂತ ದಪ್ಪಗಿನ, ಕೈಚಳಕದ ರಾತ್ರಿ ಪ್ರಾಣಿ) ಎಣಿಸಿದೆ. ಅವು ಕೈ ಹಾಕಿ ಪೆಲೆಟ್ ಕೆಳಗೆ ಸುರಿದರೆ, ಬೆಳಗಿನ ಜಾವ ಕಾಡುಹಂದಿ ಬಂದು ಬಳಿದುಕೊಂಡು ಹೋಗುತ್ತಿದ್ದವು. 34 ಇಂಚು ಎತ್ತರದ ಹಾಗ್ ಪ್ಯಾನೆಲ್, ಅಂದರೆ ಹಂದಿ ತಡೆಯುವ ತಂತಿ ಬೇಲಿ, ಸುತ್ತ ಹಾಕಿದೆ. ಹಂದಿ ನಿಂತವು. ಆದರೆ ರಕೂನ್ ಹತ್ತುತ್ತದೆ, ಜಿಂಕೆ ಮರಿಗಳಿಗೆ ಹಾರಲು ಆಗಲ್ಲ. ನನ್ನ ಅಂದಾಜಿನಲ್ಲಿ ಅರ್ಧ ಪೆಲೆಟ್ ಜಿಂಕೆಯ ಹೊಟ್ಟೆ ಸೇರಲಿಲ್ಲ.

ಆಗ ನೆನಪಾಗಿದ್ದು ಅಜ್ಜ. ಹಾವೇರಿ ಕಡೆಯ ನಮ್ಮ ಮನೆಯಲ್ಲಿ ಎಮ್ಮೆಗೆ ಹತ್ತಿಕಾಳು ನೆನೆಸಿ, ಒರಳಲ್ಲಿ ರುಬ್ಬಿ ಇಡುತ್ತಿದ್ದರು. ಹಾಲು ದಪ್ಪ ಬರುತ್ತಿತ್ತು. ಇಡೀ ಹತ್ತಿಕಾಳಿನಲ್ಲಿ ಪ್ರೋಟೀನ್ ಶೇಕಡಾ 23ರ ಸುತ್ತ, ಕೊಬ್ಬು 20ರ ಸುತ್ತ, ನಾರೂ ಜಾಸ್ತಿ. ಮೆಲುಕು ಹಾಕುವ ಹೊಟ್ಟೆಗೆ ಇದು ಹೇಳಿ ಮಾಡಿಸಿದ ಮೇವು. ಮುಖ್ಯ ಮಾತು ಬೇರೆ. ಹಂದಿಗೂ ರಕೂನಿಗೂ ಇದರ ರುಚಿ ಹಿಡಿಸಲ್ಲ.

2022ರ ಫೆಬ್ರವರಿಯಲ್ಲಿ ಟ್ರೇಲರ್ ಕಟ್ಟಿಕೊಂಡು ಹೋಗಿ ಒಂದು ಟನ್ ಬಿಡಿಕಾಳು ತಂದೆ. 420 ಡಾಲರ್ ಕೊಟ್ಟ ನೆನಪು. ಹತ್ತಿಯ ಎಳೆ ಅಂಟಿಕೊಂಡಿರುವ ಕಾಳು, ಮೇವು ತಾನೇ ಕೆಳಗಿಳಿಯುವ ಗ್ರ್ಯಾವಿಟಿ ಫೀಡರಿನಲ್ಲಿ ಇಳಿಯಲ್ಲ. ಅದಕ್ಕೆ ವೆಲ್ಡೆಡ್ ತಂತಿಯನ್ನು ನಾಲ್ಕು ಅಡಿ ಅಗಲಕ್ಕೆ ದುಂಡಗೆ ಸುತ್ತಿ, ಟಿ-ಪೋಸ್ಟಿಗೆ (ಕಬ್ಬಿಣದ ಬೇಲಿಕಂಬ) ಕಟ್ಟಿದೆ. ಇಂಥ ಒಂದು ಬುಟ್ಟಿಗೆ 40 ಡಾಲರೂ ಆಗಲಿಲ್ಲ. ಮಳೆ ಬಂದರೆ ನೀರು ಇಳಿದುಹೋಗುತ್ತದೆ. ಮೋಟಾರಿಲ್ಲ, ಬ್ಯಾಟರಿಯಿಲ್ಲ.

ಏಳು ವಾರ ಒಂದು ಜಿಂಕೆಯೂ ಬಾಯಿ ಹಾಕಲಿಲ್ಲ. ಬಂದು ಮೂಸಿ ಹೋಗುತ್ತಿದ್ದವು. ಎಲ್ಲರೂ ನಕ್ಕಿದ್ದು ಆಗಲೇ. ಇನ್ನೊಂದು ಪೆಟ್ಟೂ ಬಿತ್ತು. ಉಳಿದ ಕಾಳನ್ನು ನೆಲದ ಮೇಲೆ ರಾಶಿ ಹಾಕಿ ಟಾರ್ಪಾಲ್ ಮುಚ್ಚಿದ್ದೆ. ತೇವ ಏರಿ ಒಳಗೆ ಕಾವು ಹುಟ್ಟಿತು. ಕೈ ಹಾಕಿದರೆ ಬಿಸಿ. ಅರ್ಧ ಟನ್ ಹಾಳು, 200 ಡಾಲರ್ ನೀರಿಗೆ. ಈಗ ಶೆಡ್ಡಿನಲ್ಲಿ ಮರದ ಪ್ಯಾಲೆಟ್ ಹಾಸಿ, ಗಾಳಿ ಆಡುವಂತೆ ತೆಳ್ಳಗೆ ಇಡುತ್ತೇನೆ. ಒಮ್ಮೆಗೆ ಮುಕ್ಕಾಲು ಟನ್ನಿಗಿಂತ ಜಾಸ್ತಿ ತರುವುದಿಲ್ಲ.

ರುಚಿ ಹತ್ತಿಸಿದ್ದು ಹುರಿದ ಸೋಯಾ. ತಂತಿಯ ಅಂಚಿನಲ್ಲಿ, ಕಾಳಿನ ಜೊತೆ ಬೆರೆಸಿ ಹಾಕಿದೆ. ಜೊತೆಗೆ ಇನ್ನೊಂದು ವಸ್ತು ಚಿಮುಕಿಸಿದೆ. ಅದು ಅಜ್ಜಿಯ ದನದ ಕೊಟ್ಟಿಗೆಯ ಗುಟ್ಟು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಂಟನೇ ವಾರ ಒಂದು ಮುದಿ ಹೆಣ್ಣು ತಿಂದಳು. ಹತ್ತನೇ ವಾರಕ್ಕೆ ಬುಟ್ಟಿ ಖಾಲಿ. ಮರುವರ್ಷ ಕಲಿಸುವ ಕೆಲಸವೇ ಇರಲಿಲ್ಲ, ತಾಯಂದಿರೇ ಮರಿಗಳನ್ನು ಕರೆದುಕೊಂಡು ಬಂದರು.

ಒಂದು ಎಚ್ಚರ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷದ ಅಂಶ ಇದೆ. ಬೆಳೆದ ಜಿಂಕೆ ಅದನ್ನು ಅರಗಿಸಿಕೊಳ್ಳುತ್ತದೆ. ಆದರೆ ಗಂಡಿನ ಬೀಜಶಕ್ತಿಗೆ ಅದು ಒಳ್ಳೆಯದಲ್ಲ. ಸೆಪ್ಟೆಂಬರ್ 15ಕ್ಕೆ ನಾನು ಬುಟ್ಟಿ ಖಾಲಿ ಮಾಡಿಬಿಡುತ್ತೇನೆ. ಅಷ್ಟೊತ್ತಿಗೆ ಕೊಂಬು ಗಟ್ಟಿಯಾಗಿರುತ್ತದೆ, ಹೆಣ್ಣು ಕೂಡುವ ಕಾಲ ಇನ್ನೂ ದೂರ ಇರುತ್ತದೆ. ಬರೀ ಹತ್ತಿಕಾಳನ್ನೂ ಕೊಡಲ್ಲ. ಒಂದು ಪೆಲೆಟ್ ಫೀಡರ್ ಪ್ಯಾನೆಲ್ಲಿನ ಒಳಗೆ ಇದ್ದೇ ಇದೆ, ವಾರಕ್ಕೆ ಒಂದು ಚೀಲ ಸಾಕು. ಹೇಗೂ ಓಕ್ ಕಾಯಿ ಉದುರಲು ಶುರುವಾದ ಮೇಲೆ ನಮ್ಮ ಮೇವಿನ ಕಡೆ ಯಾರೂ ತಿರುಗಿ ನೋಡಲ್ಲ.

ನಡುವೆ ಅವರೆಯನ್ನೂ ಹಾಕಿ ನೋಡಿದೆ. ಹೌದು, ನಮ್ಮ ಅವರೆಯೇ. ಇಲ್ಲಿ ಲ್ಯಾಬ್‌ಲ್ಯಾಬ್ ಅಂತ ಜಿಂಕೆ ಮೇವಿನ ಬೀಜವಾಗಿ ಮಾರುತ್ತಾರೆ. ಒಂದು ಎಕರೆ ಬಿತ್ತಿದೆ. ನಾಲ್ಕು ಎಲೆ ಬರುವ ಮೊದಲೇ ನೆಲಸಮ. ಮರುವರ್ಷ ಆರು ವಾರ ಕರೆಂಟ್ ಬೇಲಿ ಹಾಕಿ ಕಾಪಾಡಿದೆ. ಬಳ್ಳಿ ಸೊಂಟದೆತ್ತರ ಬಂತು. ಬೇಲಿ ತೆಗೆದ 20 ದಿನಕ್ಕೆ ಕಡ್ಡಿ ಮಾತ್ರ ಉಳಿಯಿತು. ಮಳೆ ನಂಬುವ ಹಾಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. 2022, 2023ರ ಬರ ನೋಡಿದ ಮೇಲೆ ನಾನು ಕೈಬಿಟ್ಟೆ. ಅಲಸಂದೆ ಸ್ವಲ್ಪ ಬರ ತಡೆಯುತ್ತದೆ, ಆದರೆ ಅದರ ಕಥೆಯೂ ಅದೇ.

ಲೆಕ್ಕ ಕೇಳುವವರಿಗೆ: ಈಗ ವರ್ಷಕ್ಕೆ 1,200-1,300 ಡಾಲರಿನಲ್ಲಿ ಮುಗಿಯುತ್ತಿದೆ, ಡೀಸೆಲ್ ಸೇರಿಸಿ. ಹಲ್ಲು ನೋಡಿ ಮೂರೂವರೆ ವರ್ಷ ಎಂದ ಗಂಡುಗಳು ಕರುಳು ತೆಗೆದ ಮೇಲೆ ಮೊದಲು 85 ಪೌಂಡ್ ತೂಗುತ್ತಿದ್ದವು. ಹೋದ ಸೀಸನ್ನಿನಲ್ಲಿ ಮೂರು 100 ದಾಟಿದವು. ಅದೂ ಎರಡು ಬರಗಾಲ ಕಳೆದ ಮೇಲೆ. ಕ್ಯಾಮೆರಾದಲ್ಲಿ ಮರಿ ಇಲ್ಲದ ಹೆಣ್ಣು ಕಾಣುವುದೂ ಕಡಿಮೆಯಾಗಿದೆ.

ಇದಷ್ಟೂ ಹತ್ತಿಕಾಳಿನಿಂದಲೇ ಆಯಿತು ಅಂತ ನಾನು ಹೇಳಲ್ಲ. ಲ್ಯಾನೋದಲ್ಲಿ ಜಿಂಕೆ ಮೊದಲೇ ಜಾಸ್ತಿ. ನಾಲ್ವರಿಗೂ ನನ್ನ ಷರತ್ತು ಒಂದೇ: ಮೊದಲು ಎರಡು ಹೆಣ್ಣು, ಆಮೇಲೆ ಗಂಡು. ಅವರಲ್ಲಿ ಒಬ್ಬರು ಬೇಜಾರಾಗಿ ಲೀಸ್ ಬಿಟ್ಟರು, ನಾನು ಬಗ್ಗಲಿಲ್ಲ. ತಿನ್ನುವ ಬಾಯಿ ಇಳಿಯದೆ ಎಷ್ಟು ಟನ್ ಸುರಿದರೂ ಕಾಡಿನ ಎಲೆ ಚಿಗುರಲ್ಲ. ಜಿಂಕೆ ಬದುಕುವುದು ಆ ಎಲೆಯಿಂದ, ನಮ್ಮ ಬುಟ್ಟಿ ಮೇಲೋಗರ ಮಾತ್ರ.

ಸಿಡಬ್ಲ್ಯೂಡಿ, ಅಂದರೆ ಜಿಂಕೆಯ ಮಿದುಳು ಹಾಳುಮಾಡಿ ಕೊಲ್ಲುವ ರೋಗದ ಬಗ್ಗೆಯೂ ಕೇಳುತ್ತೀರಿ. 2012ರಲ್ಲಿ ಪಶ್ಚಿಮ ಟೆಕ್ಸಸ್ಸಿನ ಮ್ಯೂಲ್ ಜಿಂಕೆಯಲ್ಲಿ, 2015ರಲ್ಲಿ ಮೆಡಿನಾ ಕೌಂಟಿಯ ವೈಟ್‌ಟೇಲ್ ಜಿಂಕೆಯಲ್ಲಿ ಅದು ಸಿಕ್ಕಿತು. ಎಂಜಲಿನಿಂದಲೂ ಹರಡುವ ರೋಗ ಇದು. ಹಾಗಾಗಿ ಒಂದೇ ದೊಡ್ಡ ಬುಟ್ಟಿ ಬಿಟ್ಟು ಮೂರು ಸಣ್ಣವನ್ನು ದೂರ ದೂರ ಇಟ್ಟಿದ್ದೇನೆ. ಪ್ರತಿ ವರ್ಷ ಜಾಗವನ್ನೂ ಬದಲಿಸುತ್ತೇನೆ. ನಮ್ಮ ಸುತ್ತ ಒಂದು ಕೇಸ್ ಬಂದರೂ ಆ ದಿನವೇ ಬುಟ್ಟಿ ಕಿತ್ತು ಹಾಕುತ್ತೇನೆ.

ಮುಂದಿನ ತಿಂಗಳು ಮತ್ತೆ ಕಾಳು ತರಲು ಹೋಗಬೇಕು. ಈ ಸಲ ಟ್ರೇಲರಿನಲ್ಲಿ ಅರ್ಧ ಜಾಗ ಪಕ್ಕದ ಯಜಮಾನರ ಕಾಳಿಗೆ.