ಮುಂಬೈ ಮಳೆಗಾಲದಲ್ಲಿ ಕಾವಲಿ ಪಳಗಿಸುವುದು ಹೇಗೆ?

ಮಳೆ ಹಿಡಿದ ಮೇಲೆ ಮುಂಬೈಯ ಅಡುಗೆಮನೆಯಲ್ಲಿ ರಾತ್ರಿ ತೊಳೆದು ಕವುಚಿಟ್ಟ ಕಾವಲಿಯ ಅಂಚು ಬೆಳಿಗ್ಗೆ ಕೆಂಪಗಾಗಿರುತ್ತದೆ. ಕಬ್ಬಿಣಕ್ಕೆ ನೀರು, ಆಮ್ಲಜನಕ ಎರಡೂ ತಾಗಿದರೆ ತುಕ್ಕು. ಕಡಲ ಗಾಳಿಯ ಉಪ್ಪು ಅದನ್ನು ಇನ್ನಷ್ಟು ಬೇಗ ತರುತ್ತದೆ. ತುಕ್ಕು ಪುಡಿಪುಡಿಯಾಗಿ ಉದುರುವುದರಿಂದ ಒಳಗಿನ ಲೋಹ ಮತ್ತೆ ಮತ್ತೆ ಗಾಳಿಗೆ ಬೀಳುತ್ತದೆ. ಇದಕ್ಕೆ ತಡೆ ಒಂದೇ, ಎಣ್ಣೆಯ ಗಟ್ಟಿ ಪದರ. ಅದನ್ನು ಕೂರಿಸುವುದೇ ಪಳಗಿಸುವುದು.

ಹೊಸದು ಕೊಳ್ಳುವವರು ಅಂಗಡಿಯಲ್ಲಿ ಮರಾಠಿಯಲ್ಲಿ ಬರೀ ‘ಲೋಖಂಡೀ ತವಾ’ (ಕಬ್ಬಿಣದ ಕಾವಲಿ) ಎಂದು ಕೇಳಿದರೆ ತಗಡಿನದು ಕೈಗೆ ಬರಬಹುದು. ನೀರುದೋಸೆಗೆ ಬೇಕಾದ ದಪ್ಪ ಎರಕದ ಕಾವಲಿಗೆ ‘ಬಿಡಾಚಾ ತವಾ’ ಎಂದು ಕೇಳಿ. ಪುಣೆಯ ತುಳಶೀಬಾಗ್ ಮಾರುಕಟ್ಟೆಯಲ್ಲೂ ಇದೇ ಮಾತು. ಹಳಗನ್ನಡದಲ್ಲಿ ಕಬ್ಬಿಣ ‘ಕರ್ಬೊನ್’, ಅಂದರೆ ಕರಿಯ ಹೊನ್ನು. ಹೊಸ ಎರಕ ಬೂದು ಬಣ್ಣದ್ದು. ಪಳಗಿದ ಮೇಲೆಯೇ ಅದು ಹೆಸರಿಗೆ ತಕ್ಕಂತೆ ಕಪ್ಪಾಗುವುದು.

ಮೊದಲು ಬಿಸಿನೀರು, ಸೋಪು ಹಾಕಿ ಉಜ್ಜಿ ಕಾರ್ಖಾನೆಯ ಎಣ್ಣೆ ತೆಗೆಯಿರಿ. ಹಳೆಯದಕ್ಕೆ ತುಕ್ಕು ಹಿಡಿದಿದ್ದರೆ ಕಲ್ಲುಪ್ಪು, ತೆಂಗಿನ ನಾರು ಸಾಕು. ಜಗ್ಗದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ. ರಾತ್ರಿಯಿಡೀ ಬಿಡಬೇಡಿ, ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ತೊಳೆದ ಕೂಡಲೇ ಸಣ್ಣ ಉರಿಯಲ್ಲಿ ಐದು ನಿಮಿಷ ಒಣಗಿಸಿ.

ಇನ್ನು ಎಣ್ಣೆ. ಊರಿನ ರೂಢಿಯಂತೆ ಕೈ ತೆಂಗಿನೆಣ್ಣೆಗೆ ಹೋಗುತ್ತದೆ. ದೋಸೆ ಹೊಯ್ಯುವಾಗ ಸವರಲು ಅದು ಒಳ್ಳೆಯದೇ, ಆದರೆ ಪಳಗಿಸಲು ಆಗದು. ಕಾಯಿಸಿದರೂ ಗಟ್ಟಿ ಪದರವಾಗಿ ಕೂರುವುದಿಲ್ಲ. ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ಕಾದಾಗ ಆಮ್ಲಜನಕದೊಡನೆ ಕೂಡಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿಯುತ್ತವೆ. ಅಗಸೆ ಎಣ್ಣೆಯದು ಇನ್ನೂ ಗಟ್ಟಿ ಪದರ, ಆದರೆ ಕೆಲವೊಮ್ಮೆ ಹೊಪ್ಪಳಿಕೆಯಾಗಿ ಏಳುತ್ತದೆ.

ಬೆಚ್ಚಗಿನ ಕಾವಲಿಗೆ ಅರ್ಧ ಚಮಚ ಎಣ್ಣೆ ಹಾಕಿ ಹಿಂದೆ, ಮುಂದೆ, ಹಿಡಿಗೂ ಸವರಿ. ಆಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ ತೆಗೆಯಿರಿ, ಎಣ್ಣೆ ಹಾಕಿದ್ದೇ ತಪ್ಪಾಯಿತು ಎಂಬಂತೆ. ಬಹಳಷ್ಟು ಮಂದಿ ಕೆಡಿಸುವುದು ಇಲ್ಲೇ. ಉಳಿದ ಎಣ್ಣೆ ಹನಿಗಟ್ಟಿ ಜೇನಿನ ಬಣ್ಣದ ಅಂಟು ಕಲೆಯಾಗುತ್ತದೆ; ಬೆರಳಿಟ್ಟರೆ ಹಿಡಿಯುತ್ತದೆ, ದೋಸೆಯೂ ಅಲ್ಲೇ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು ಮಧ್ಯಮ ಉರಿಯಲ್ಲಿ ಹೊಗೆ ಬರುವವರೆಗೆ ಕಾಯಿಸಿ, ಮತ್ತೆ ಹತ್ತು ನಿಮಿಷ ಬಿಡಿ. ತಾನಾಗಿ ಆರಲಿ, ಕಾದ ಎರಕಕ್ಕೆ ತಣ್ಣೀರು ಸುರಿದರೆ ಸೀಳು ಬಿಡಬಹುದು. ಹೀಗೆ ನಾಲ್ಕೈದು ಸಲ. ಬೂದು ಹೋಗಿ ಕಂದು, ಕಂದು ಹೋಗಿ ಕಪ್ಪು ಬರುತ್ತದೆ. ಇಂಡಕ್ಷನ್ ಒಲೆಯಾದರೆ ನಡುಭಾಗ ಬೇಗ ಕಾಯುವುದರಿಂದ ಬಿಸಿಯನ್ನು ನಿಧಾನವಾಗಿ ಏರಿಸಿ.

ಮೊದಲ ದೋಸೆಗಳು ಹರಿದರೆ ಬೇಸರ ಬೇಡ. ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಇನ್ನೊಂದು ಹೊಯ್ಯಿರಿ.

ಹುಣಸೆ, ಟೊಮೆಟೊ ಕುದಿಸಿದರೆ ಪದರ ಕರಗಿ ಅಡುಗೆಗೆ ಕಬ್ಬಿಣದ ವಾಸನೆ ಬರುತ್ತದೆ. ಹುಳಿಗೆ ಕಬ್ಬಿಣ ಹೆಚ್ಚು ಇಳಿಯುವುದು ನಿಜ, ಆದರೆ ಎಷ್ಟೆಂದು ಮನೆಯಲ್ಲಿ ಅಳೆಯಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದಿನಕ್ಕೆ ಮಹಿಳೆಗೆ 29, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು. ಹಿಮೊಗ್ಲೋಬಿನ್ ಕಡಿಮೆಯಿದ್ದವರು ಕಾವಲಿ ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು. ಊಟದ ಕಬ್ಬಿಣ ಮೈಗೆ ಹತ್ತಲು ಜತೆಗೆ ಲಿಂಬೆ ಹಿಂಡಿಕೊಳ್ಳಿ, ಚಹಾವನ್ನು ಒಂದು ಗಂಟೆ ಮುಂದೂಡಿ.

ದಿನವೂ ಕೆಲಸ ಮುಗಿದ ಮೇಲೆ ತೊಳೆದು, ಉರಿಯಲ್ಲಿ ಎರಡು ನಿಮಿಷ ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಒಳಗೇ ನಿಲ್ಲುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಿಟಕಿಯಿಂದ ದೂರ ಇಡಿ.