ಮೊದಲು ಬಾಗಿಲ ಅಳತೆ ಹೇಳಿ

ಹಾಸನದಲ್ಲಿ ನನ್ನದು ಸರ್ಜಿಕಲ್ಸ್ ಅಂಗಡಿ, ಅಂದರೆ ರೋಗಿಗಳಿಗೆ ಬೇಕಾದ ಸಾಮಾನು ಮಾರುವ ಅಂಗಡಿ. ಒಮ್ಮೆ ಸಕಲೇಶಪುರದ ಕಡೆಯಿಂದ ಒಬ್ಬರು ಫೋನ್ ಮಾಡಿ, ತಾಯಿಗೆ ವೀಲ್‌ಚೇರ್ ಬೇಕು ಅಂದರು. ಸೀಟು 18 ಇಂಚು ಅಂತ ಹೇಳಿ ಕಳಿಸಿದೆ. ಮರುದಿನವೇ ಮತ್ತೆ ಫೋನ್. "ಅಣ್ಣಾ, ಬಚ್ಚಲ ಬಾಗಿಲಲ್ಲಿ ಹೋಗ್ತಾನೇ ಇಲ್ಲ." ಎರಡೂ ಕಡೆಯ ಚಕ್ರ, ಹೊರಗಿನ ಬಳೆ ಸೇರಿದರೆ ಅದರ ಒಟ್ಟು ಅಗಲ 25 ಇಂಚು. ಅವರ ಬಾಗಿಲು 24. ಸಣ್ಣ ಚಕ್ರದ, ಕಡಿಮೆ ಅಗಲದ ಕಮೋಡ್ ಚೇರ್ ತಲುಪಿಸುವವರೆಗೆ ಆ ತಾಯಿಯನ್ನು ಇಬ್ಬರು ಎತ್ತಿಕೊಂಡು ಹೋಗಬೇಕಾಯಿತು. ಬಾಗಿಲ ಅಳತೆಯನ್ನು ನಾನು ಕೇಳಿಯೇ ಇರಲಿಲ್ಲ.

ಆಗಲೇ ಅಕ್ಕನ ಮಗನನ್ನು ಕೂರಿಸಿಕೊಂಡೆ. ಅವನಿಗೆ ಸಾಫ್ಟ್‌ವೇರ್ ಗೊತ್ತು. ಜನ ಮನೆಯಲ್ಲೇ ಕೂತು, ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಯಾವ ಸಾಮಾನು ಸರಿಹೋಗುತ್ತದೆ ಅಂತ ತೋರಿಸಬೇಕು. ಇಷ್ಟೇ ನಮ್ಮ ಆಸೆ.

ಮೊದಲು ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಬೆಲೆ, ಕಂಪನಿ, ಎಷ್ಟು ಲೀಟರ್, ಎಷ್ಟು ವ್ಯಾಟ್ ಅಂತ ಕೇಳಿದ್ದೆವು. ಅಂಗಡಿಗೆ ಬಂದವರ ಕೈಗೆ ಫೋನ್ ಕೊಟ್ಟು, ಏನೂ ಹೇಳದೆ ಸುಮ್ನೆ ನೋಡುತ್ತಾ ನಿಂತೆ. ಬಹಳ ಜನ ಎರಡನೇ ಪ್ರಶ್ನೆಗೇ ಫೋನ್ ವಾಪಸ್ ಕೊಟ್ಟರು. "ಮಾವ, ಜನಕ್ಕೆ ಗೊತ್ತಿಲ್ಲದ್ದನ್ನೇ ಕೇಳ್ತಾ ಇದೀವಿ" ಅಂದ ಹುಡುಗ. ಹೌದಲ್ವಾ? ಅವರಿಗೆ ತಮ್ಮ ಮನೆ ಗೊತ್ತು, ರೋಗಿ ಗೊತ್ತು. ಅದನ್ನೇ ಕೇಳಬೇಕು.

ಎಲ್ಲ ಅಳಿಸಿ ಮತ್ತೆ ಬರೆದೆವು. ಒಂದು ಸಲಕ್ಕೆ ಒಂದೇ ಪ್ರಶ್ನೆ, ದೊಡ್ಡ ಅಕ್ಷರ. ಮಲೆನಾಡಿನ ಕಡೆ ನೆಟ್‌ವರ್ಕ್ ಕಷ್ಟ, ಅದಕ್ಕೇ ಫೋಟೋ ಬದಲು ಗೆರೆಯ ಚಿತ್ರ.

ಬಿಪಿ ಮಿಷನ್‌ಗೆ ಮೊದಲ ಪ್ರಶ್ನೆ ತೋಳಿನ ಸುತ್ತಳತೆ. ಸಾಮಾನ್ಯವಾಗಿ ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ತೋಳು ಅದಕ್ಕಿಂತ ದಪ್ಪ ಇದ್ದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಟೇಪ್ ಇಲ್ಲ ಅಂದರೆ? ಭುಜ ಮತ್ತು ಮೊಣಕೈ ನಡುವೆ ಒಂದು ದಾರ ಸುತ್ತಿ, ಅದನ್ನು ಮಕ್ಕಳ ಸ್ಕೇಲಿನ ಮೇಲೆ ಇಟ್ಟು ನೋಡಿ ಅಂತ ಚಿತ್ರ ಹಾಕಿದೆವು.

ಹೆಸರುಗಳದ್ದೂ ಗೊಂದಲ. "ಹಬೆ ಮಿಷನ್" ಅಂತ ಕೇಳುವವರಲ್ಲಿ ಕೆಲವರಿಗೆ ಬೇಕಿರುವುದು ಬಿಸಿನೀರಿನ ಹಬೆಯದ್ದು, ಕೆಲವರಿಗೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಒಳಗೆ ಕಳಿಸುವ ನೆಬುಲೈಜರ್. ಅದಕ್ಕೆ ಹೀಗೆ ಕೇಳಿದೆವು: ಮಿಷನ್‌ಗೆ ಹಾಕಲು ಡಾಕ್ಟರ್ ಔಷಧಿ ಬರೆದುಕೊಟ್ಟಿದ್ದಾರಾ? ಹೌದು ಅಂದರೆ ನೆಬುಲೈಜರ್.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ಕೊಡುವ ಕರೆಂಟ್ ಮಿಷನ್, ಅಂದರೆ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ. ನಿಮಿಷಕ್ಕೆ ಎಷ್ಟು ಲೀಟರ್ ಅಂತ ಡಾಕ್ಟರ್ ಬರೆದಿಲ್ಲ ಅಂದರೆ ನಮ್ಮ ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ. ಮೊದಲು ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತದೆ. ವ್ಯಾಪಾರ ಹೋದರೂ ಪರವಾಗಿಲ್ಲ, ಅದನ್ನು ನಾನು ಬದಲಾಯಿಸುವುದಿಲ್ಲ. ಮುಂದಿನ ಪ್ರಶ್ನೆ ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದರೆ ತೋಟದ ಮನೆಗಳಿಗೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ನಿಮಿಷಕ್ಕೆ 5 ಲೀಟರ್ ಕೊಡುವ ಮಿಷನ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿ ಮೂರು-ನಾಲ್ಕು ಗಂಟೆ ತಡೆದರೆ ಹೆಚ್ಚು. ಅದಕ್ಕೇ ಜೊತೆಗೊಂದು ಆಕ್ಸಿಜನ್ ಸಿಲಿಂಡರ್ ಇಟ್ಟುಕೊಳ್ಳಿ ಅನ್ನುತ್ತೇವೆ. 1500 ಲೀಟರ್ ಆಕ್ಸಿಜನ್ ಹಿಡಿಯುವ ಬಿ ಟೈಪ್ ಸಿಲಿಂಡರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಈ ಲೆಕ್ಕವನ್ನು ಅಲ್ಲೇ ತೋರಿಸುತ್ತೇವೆ. ಒಂದೆರಡು ತಿಂಗಳಿಗೆ ಮಾತ್ರ ಬೇಕಿದ್ದರೆ ಬಾಡಿಗೆಗೆ ತಗೊಳ್ಳಿ ಅಂತಲೂ ಹೇಳುತ್ತೇವೆ.

ಈಗ ಏರ್‌ಬೆಡ್‌ಗೆ ಪ್ರಶ್ನೆ ಬರೆಯುತ್ತಿದ್ದೇವೆ. ಇದು ಪಂಪಿನಿಂದ ಗಾಳಿ ತುಂಬುವ ಹಾಸಿಗೆ. ಮಲಗಿಯೇ ಇರುವ ರೋಗಿಗೆ ಹಾಸಿಗೆ ಹುಣ್ಣು ಆಗದಿರಲಿ ಅಂತ ಕೊಳ್ಳುವುದು. ಆದರೆ ಅದನ್ನು ಹಾಸಿದ ಮೇಲೂ ರೋಗಿಯನ್ನು ಆಗಾಗ ಮಗ್ಗುಲು ಬದಲಿಸಲೇಬೇಕು. ಇದು ಗೊತ್ತಿಲ್ಲದೆ ಕೊಂಡವರನ್ನು ನೋಡಿದ್ದೇನೆ. ಹಾಗಾಗಿ ಬೆಲೆಗಿಂತ ಮೊದಲು "ರಾತ್ರಿ ಅವರ ಪಕ್ಕ ಯಾರು ಮಲಗುತ್ತಾರೆ?" ಅಂತ ಕೇಳಿದ್ದೇವೆ. ಮೊನ್ನೆ ಇದನ್ನು ನೋಡಿದ ಆಲೂರಿನ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲೇ ತಮ್ಮನಿಗೆ ಫೋನ್ ಮಾಡಿದರು.