ಗೋವಿನಜೋಳದ ರವದಿಯಿಂದ ಮನ್ಯಾಗ ಪೇಪರ್ ಮಾಡೂದು ಹೆಂಗ

ನಮ್ಮ ಹಾವೇರಿ ಕಡೆ ಗೋವಿನಜೋಳದ ಸುಗ್ಗಿ ಮುಗಿದ ಮ್ಯಾಲೆ ತೆನಿ ಸುತ್ತಿನ ರವದಿ ರಾಶಿಗಟ್ಲೆ ಉಳೀತದ, ಬಾಳ ಮಂದಿ ಬೆಂಕಿ ಹಚ್ಚಿಬಿಡ್ತಾರ, ನೋಡಿದ್ರ ಹೊಟ್ಟಿ ಉರೀತದ್ರಿ, ಯಾಕಂದ್ರ ಅದರಾಗ ಚಲೋ ನಾರು ಅದ.

ಅರ್ಧ ಕೆಜಿ ಒಣ ರವದಿ ಒಂದೊಂದು ಇಂಚು ಕತ್ತರಿಸಿ ರಾತ್ರಿ ನೆನಿ ಇಡ್ರಿ. ಮುಂಜಾನೆ ಸ್ಟೀಲ್ ಪಾತ್ರೆದಾಗ 8-10 ಲೀಟರ್ ನೀರು, 100 ಗ್ರಾಂ ವಾಷಿಂಗ್ ಸೋಡಾ ಹಾಕಿ ಹಿತ್ತಲದಾಗ ಕುದಿಸ್ರಿ. ಅಡಿಗಿ ಸೋಡಾ ಅಲ್ಲ ಮತ್ತ! ಅಲ್ಯೂಮಿನಿಯಂ ಪಾತ್ರೆ ಅಂತೂ ಬ್ಯಾಡೇ ಬ್ಯಾಡ, ಸೋಡಾ ಅದನ್ನ ತಿಂತದ. ಕೈಗೆ ಗ್ಲೌಸ್ ಇರ್ಲಿ, ಸಣ್ಣ ಹುಡುಗರನ್ನ ದೂರ ಇಡ್ರಿ.

2-3 ತಾಸು ಕುದೀಬೇಕು, ಇಲ್ಲೇ ಎಲ್ಲಾರೂ ಅವಸರ ಮಾಡಿ ಕೆಡಸ್ತಾರ. ನಾರು ಹಿಡಿದಿಟ್ಟಿರೋ ಲಿಗ್ನಿನ್ ಕರಗಿ ನೀರು ಕಂದು ಆಗ್ತದ, ಬೆರಳಿಂದ ಎಳದ್ರ ನಾರು ಸಲೀಸ ಬಿಡ್ಬೇಕು, ಬಿಡ್ಲಿಲ್ಲಂದ್ರ ಇನ್ನೂ ಕುದಿಸ್ರಿ. ಆಮ್ಯಾಲೆ ಅರಿವ್ಯಾಗ ಸೋಸಿ ನೀರು ತಿಳಿ ಆಗೋತನಕ ತೊಳೀರಿ, ಆ ಕಂದು ನೀರು ಗಿಡಕ್ಕ, ಹಳ್ಳಕ್ಕ ಬಿಡಬ್ಯಾಡ್ರಿ.

ಹಳೇ ಮಿಕ್ಸರ್‌ನಾಗ ಒಂದು ಹಿಡಿ ನಾರಿಗೆ ಜಾರ್ ತುಂಬ ನೀರು ಹಾಕಿ ರುಬ್ರಿ, ನೀರು ಕಮ್ಮಿ ಆದ್ರ ಮೋಟರ್ ಸುಡ್ತದ. ನೆನಸಿದ ರದ್ದಿ ಪೇಪರ್ ಸ್ವಲ್ಪ ಸೇರಿಸಿದ್ರ ಮೊದಲ ಸಲ ಮಾಡೋರಿಗೆ ಹಾಳಿ ಎತ್ತೂದು ಹಗರ.

ಟಬ್‌ನಾಗ ನೀರು ತುಂಬಿ ಈ ರುಬ್ಬಿದ ತಿರುಳು ಕಲಸಿ, ಸೊಳ್ಳಿ ಜಾಳಿಗಿ ಬಿಗಿದ ಕಟ್ಟಿಗಿ ಫ್ರೇಮ್ ಅಡ್ಡ ಮುಳುಗಿಸಿ ಮಟ್ಟಸ ಹಿಡಿದು ಮ್ಯಾಲೆತ್ರಿ, ಹಗುರ್ಕ ಅಲ್ಲಾಡಿಸ್ರಿ, ನಾರು ಒಂದಕ್ಕೊಂದು ಹೆಣಕೊಳ್ಳೂದು ಆಗಲೇ. ಹಸಿ ಕಾಟನ್ ಅರಿವಿ ಮ್ಯಾಲೆ ಫ್ರೇಮ್ ಬೋರಲು ಹಾಕಿ ಸ್ಪಂಜಿಂದ ಒತ್ತಿ ಫ್ರೇಮ್ ತಗೀರಿ, ಹಾಳಿ ಹಲಗಿ ನಡುವ ಇಟ್ಟು ಮ್ಯಾಲೆ ಕಲ್ಲು ಹೇರಿ ಒಂದು ರಾತ್ರಿ ಬಿಟ್ಟು ನೆರಳಾಗ ಒಣಗಿಸ್ರಿ, ಬಿಸಲಾಗ ಹಾಕಿದ್ರ ಸುರುಳಿ ಆಗ್ತದ. ಬರಿಯಾಕ ಬೇಕಂದ್ರ ತೆಳ್ಳನ ಗಂಜಿ ಬಳೀರಿ, ಇಂಕ್ ಹರಡೂದಿಲ್ಲ.